ಶಾಲಾ ಸಿಬ್ಬಂದಿಯ ಆರೋಗ್ಯ: ಹೆಡ್ ಮೇಷ್ಟ್ರು, ಸಿಆರ್‌ಪಿಗಳು ಸುತ್ತೋಲೆಗೆ ಕಾಯದೆ ಮಾಡಬಹುದಾದ ಕೆಲಸಗಳು

ಮಕ್ಕಳ ಆರೋಗ್ಯ ತಪಾಸಣೆಗೆ ಶಾಲೆಗೆ ಡಾಕ್ಟರ್ ಬರುತ್ತಾರೆ. ಜಂತುಹುಳದ ಮಾತ್ರೆ, ಕಬ್ಬಿಣಾಂಶದ ಮಾತ್ರೆ, ಹಾಲು, ಮೊಟ್ಟೆ, ಎಲ್ಲಕ್ಕೂ ಒಂದೊಂದು ರಿಜಿಸ್ಟರ್ ಇದೆ. ಆ ರಿಜಿಸ್ಟರ್ ಬರೆಯುವವರ ಬಿಪಿ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಜೂನ್ 21ಕ್ಕೆ ಯೋಗ ದಿನ ಬರುತ್ತದೆ. ಫೋಟೋ ತೆಗೆದು ಗ್ರೂಪಿಗೆ ಹಾಕುತ್ತೇವೆ. ಅಲ್ಲಿಗೆ ಮುಗೀತು.

ಯೋಗದ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ಜನ ಸೊರಗುವುದಕ್ಕೆ ಕಾರಣ ಬೇರೆಯೇ ಇವೆ. ಬೆಳಗ್ಗೆಯಿಂದ ನೀರು ಕುಡಿಯದೆ ಇರುವುದು, ಮೂರು ತರಗತಿಗೆ ಒಬ್ಬರೇ ಕೂಗುವುದು, ರಾತ್ರಿ ಹತ್ತಕ್ಕೆ ಬರುವ 'ತುರ್ತು ಮಾಹಿತಿ', ಕೇಳಿದಾಗ ಸಿಗದ ರಜೆ. ಇವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಶಾಲೆ ಮತ್ತು ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಮಟ್ಟದಲ್ಲೇ ಸರಿಹೋಗುವಂಥವು. ಈ ಬರಹ ಇರುವುದು ಮುಖ್ಯ ಶಿಕ್ಷಕರಿಗೆ, ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಗಳಾದ ಸಿಆರ್‌ಪಿಗಳಿಗೆ, ಶಿಕ್ಷಕರ ಸಂಘದಲ್ಲಿ ಓಡಾಡುವವರಿಗೆ.

ಹಂತ 1: ಯಾರ್‍ಯಾರು ಇದ್ದಾರೆ, ಅವರಿಗೆ ಏನು ತೊಂದರೆ ಅಂತ ಕೇಳಿ

ಒಂದು ಹಾಳೆಯಲ್ಲಿ ಸಿಬ್ಬಂದಿ ಪಟ್ಟಿ ಬರೆಯಿರಿ. ಕಾಯಂ ಶಿಕ್ಷಕರ ಹೆಸರು ಬರೆದು ನಿಲ್ಲಿಸಬೇಡಿ. ಅತಿಥಿ ಶಿಕ್ಷಕರು, ಅಕ್ಷರ ದಾಸೋಹದ ಅಡುಗೆಯವರು, ಗ್ರೂಪ್ ಡಿ ನೌಕರರು, ಎರಡು ಶಾಲೆಗೆ ಹಂಚಿಹೋಗಿರುವ ಪಿ.ಟಿ. ಮೇಷ್ಟ್ರು, ಎಲ್ಲರೂ ಬರಲಿ. ಯಾರು ಎಷ್ಟು ದೂರದಿಂದ ಬರುತ್ತಾರೆ, ಬಸ್ಸಿಗೋ ಬೈಕಿಗೋ ಅಂತ ಪಕ್ಕದಲ್ಲಿ ಬರೆಯಿರಿ. ಮುಂದಿನ ಅರ್ಧ ತೀರ್ಮಾನಗಳಿಗೆ ಈ ಹಾಳೆ ಬೇಕಾಗುತ್ತದೆ.

ಆಮೇಲೆ ತೊಂದರೆ ಕೇಳಿ. ಸ್ಟಾಫ್ ಮೀಟಿಂಗಿನಲ್ಲಿ ಎದ್ದು ನಿಂತು "ಏನಾದ್ರೂ ಸಮಸ್ಯೆ ಇದ್ರೆ ಹೇಳ್ರಪ್ಪಾ" ಅಂದರೆ ಯಾರೂ ಹೇಳುವುದಿಲ್ಲ. ಹೆಸರಿಲ್ಲದ ಚೀಟಿ ಕೊಡಿ. ನಾಲ್ಕು ಪ್ರಶ್ನೆ ಸಾಕು: ಕೆಲಸದಿಂದ ಮೈಯಲ್ಲಿ ಎಲ್ಲಿ ನೋವು ಬರುತ್ತಿದೆ? ಶಾಲೆಯಲ್ಲಿ ಯಾವ ಸೌಕರ್ಯ ಇಲ್ಲದೆ ಕಷ್ಟವಾಗುತ್ತಿದೆ? ಯಾವ ಕೆಲಸ ಎರಡೆರಡು ಸಲ ಮಾಡಬೇಕಾಗಿದೆ? ಒಂದನ್ನು ಬದಲಿಸಬಹುದಾದರೆ ಯಾವುದನ್ನು? ಓದು ಬರಹ ಕಷ್ಟವಿರುವ ಅಡುಗೆಯಕ್ಕನ ಹತ್ತಿರ ಹೋಗಿ, ಅವರ ಜಾಗದಲ್ಲಿ, ಕೆಲಸ ಮುಗಿದ ಮೇಲೆ ಮಾತಾಡಿ. ಒಬ್ಬ ಮೇಡಂ ಕೇಳಿದರೆ ಇನ್ನೂ ಒಳ್ಳೆಯದು.

ಚೀಟಿಯಲ್ಲಿ ಬಂದ ಯಾವುದಾದರೂ ಒಂದು ಸಣ್ಣ ವಿಷಯವನ್ನು ಅದೇ ವಾರ ಸರಿಮಾಡಿ. ಶೌಚಾಲಯದ ಚಿಲಕವೇ ಆಗಲಿ. ಅದು ಆಗದಿದ್ದರೆ ಎರಡನೇ ಸಲ ಯಾರೂ ಚೀಟಿ ತುಂಬುವುದಿಲ್ಲ.

ಹಂತ 2: ನೀರು, ಶೌಚಾಲಯ, ಕೂರುವ ಜಾಗ

ಹಳ್ಳಿ ಶಾಲೆಯ ಎಷ್ಟೋ ಮೇಡಂಗಳು ಬೆಳಗ್ಗೆ ಮನೆ ಬಿಟ್ಟರೆ ಸಂಜೆವರೆಗೆ ನೀರು ಕುಡಿಯುವುದಿಲ್ಲ. ಕಾರಣ ಎಲ್ಲರಿಗೂ ಗೊತ್ತು, ಹೇಳಲು ಸಂಕೋಚ. ಉಪಯೋಗಿಸುವಂಥ ಶೌಚಾಲಯ ಇಲ್ಲ. ಇದರಿಂದ ಮೂತ್ರದ ಸೋಂಕು, ತಲೆನೋವು, ಮಲಬದ್ಧತೆ ಬರುತ್ತವೆ. ಗಂಟಲೂ ಕೆಡುತ್ತದೆ. ಸಿಬ್ಬಂದಿಗೆ ಒಂದು ಪ್ರತ್ಯೇಕ ಶೌಚಾಲಯ, ಒಳಗಿನಿಂದ ಬೀಳುವ ಚಿಲಕ, ಬಕೆಟ್ಟು, ಮಗ್ಗು, ಸೋಪು, ಮುಚ್ಚಳವಿರುವ ಕಸದ ಡಬ್ಬಿ. ಈ ಬೇಡಿಕೆಯನ್ನು ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ಬರೆಸಿ, ಅದರ ಪ್ರತಿಯ ಜೊತೆ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡಿ. ಪಿಡಿಓ ಮುಂದೆ ಬಾಯಿಮಾತಿಗಿಂತ ನಡಾವಳಿಯ ಪ್ರತಿಗೆ ತೂಕ ಜಾಸ್ತಿ. ಸ್ವಚ್ಛ ಮಾಡುವವರು ಯಾರು ಅನ್ನುವುದೂ ಅದೇ ಸಭೆಯಲ್ಲಿ ತೀರ್ಮಾನವಾಗಲಿ. ಇಲ್ಲದಿದ್ದರೆ ಮೂರು ತಿಂಗಳಿಗೆ ಬೀಗ ಬೀಳುತ್ತದೆ.

ಸಣ್ಣ ತರಗತಿಯ ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ಕೂತು ಚಟುವಟಿಕೆಯಿಂದ ಕಲಿಯುವ ನಲಿ-ಕಲಿ ತರಗತಿಯವರ ಕಥೆ ಬೇರೆ. 1995ರ ಸುಮಾರಿಗೆ ಎಚ್.ಡಿ.ಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿ ಮಕ್ಕಳಿಗೆ ಚೆನ್ನಾಗಿದೆ. ಆದರೆ ಐವತ್ತು ದಾಟಿದ ಶಿಕ್ಷಕಿ ದಿನಕ್ಕೆ ಎಷ್ಟು ಸಲ ನೆಲಕ್ಕೆ ಕೂತು ಏಳಬೇಕು ನೋಡಿ. ಮಕ್ಕಳ ಗುಂಪುಗಳ ನಡುವೆ ಒಂದು ಗಟ್ಟಿ ಮೋಡಾ ಅಥವಾ ತಗ್ಗು ಸ್ಟೂಲು ಇಟ್ಟರೆ ಮಂಡಿಗೆ ಎಷ್ಟೋ ಆರಾಮ. ದೊಡ್ಡ ತರಗತಿಗಳಲ್ಲಿ ಇದಕ್ಕೆ ಉಲ್ಟಾ, ದಿನವಿಡೀ ನಿಂತಿರಬೇಕು. ಕಾಲಿನ ನರ ಉಬ್ಬಿದವರು, ಗರ್ಭಿಣಿಯರು ಕೂತು ಪಾಠ ಮಾಡಿದರೆ ಅದನ್ನು ಸೋಮಾರಿತನ ಅಂತ ವರದಿಯಲ್ಲಿ ಬರೆಯುವ ಚಾಳಿ ಬಿಡಬೇಕು.

ಹಂತ 3: ಗಂಟಲು

ಇದು ನಮ್ಮ ವೃತ್ತಿಯ ಕಾಯಿಲೆ. ತಗಡಿನ ಶೀಟಿನ ಮೇಲೆ ಮಳೆ ಬಿದ್ದಾಗ, ಪಕ್ಕದ ಕೋಣೆಗೂ ಇದಕ್ಕೂ ನಡುವೆ ಅರ್ಧ ಗೋಡೆ ಇದ್ದಾಗ, ಕೂಗದೆ ಪಾಠವಿಲ್ಲ. ಹಾಗೆ ವರ್ಷಗಟ್ಟಲೆ ಕೂಗಿದರೆ ಧ್ವನಿ ತಂತುಗಳ ಮೇಲೆ ಸಣ್ಣ ಗಂಟು ಏಳಬಹುದು. ಧ್ವನಿ ಒಡೆಯುತ್ತದೆ, ಸಂಜೆ ಹೊತ್ತಿಗೆ ಮಾತೇ ಬೇಡ ಅನ್ನಿಸುತ್ತದೆ.

ಶಾಲೆ ಮಾಡಬೇಕಾದ್ದು: ಜೋರಾಗಿ ಓದಿಸುವ, ಹಾಡಿಸುವ ಪಾಠಗಳನ್ನು ಒಬ್ಬರಿಗೇ ಸತತ ಮೂರು ಪೀರಿಯಡ್ ಹಾಕಬೇಡಿ. ನಡುವೆ ಬರವಣಿಗೆಯ ಪೀರಿಯಡ್ ಬರಲಿ. ಪ್ರಾರ್ಥನೆಯಲ್ಲಿ, ಮೈದಾನದಲ್ಲಿ ಮಕ್ಕಳನ್ನು ಸೇರಿಸಲು ಸೀಟಿ, ಗಂಟೆ, ಚಪ್ಪಾಳೆ ಬಳಸಿ. ಗದ್ದಲದ ತರಗತಿಗೆ ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಮೈಕ್ ಸ್ಪೀಕರ್ ತರಿಸಿ. ಹಳೆ ವಿದ್ಯಾರ್ಥಿಗಳು ಗೋಡೆ ಗಡಿಯಾರ ಕೊಡುತ್ತೇವೆ ಅಂದಾಗ ಇದನ್ನು ಕೇಳಿ. ಗಡಿಯಾರ ಈಗಾಗಲೇ ನಾಲ್ಕಿರುತ್ತವೆ!

ಶಿಕ್ಷಕರು ಮಾಡಬೇಕಾದ್ದು: ಪಾಠದ ನಡುವೆ ಗುಟುಕು ಗುಟುಕಾಗಿ ನೀರು. ಪದೇ ಪದೇ ಗಂಟಲು ಕೆರೆಯುವುದನ್ನು ಬಿಟ್ಟು, ಉಗುಳು ನುಂಗಿ. ಬೋರ್ಡಿನ ಕಡೆ ತಿರುಗಿ ಮಾತಾಡಬೇಡಿ. ಧ್ವನಿ ಕೆಟ್ಟಾಗ ಪಿಸುಗುಟ್ಟಿದರೆ ಗಂಟಲಿಗೆ ವಿಶ್ರಾಂತಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದರಿಂದಲೂ ಆಯಾಸವೇ. ಸುಮ್ಮನಿರುವುದೇ ವಿಶ್ರಾಂತಿ. ಊಟ ಹೊತ್ತು ಮೀರಿ ಆ್ಯಸಿಡಿಟಿ ಆಗುತ್ತಿದ್ದರೆ ಅದೂ ಧ್ವನಿಗೆ ಕೆಟ್ಟದ್ದು.

ಗೊರಗೊರ ಧ್ವನಿ ಮೂರು ವಾರವಾದರೂ ಸರಿಹೋಗದಿದ್ದರೆ ಕಷಾಯ, ಕಲ್ಲುಸಕ್ಕರೆ ಬಿಟ್ಟು ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಹೋಗಿ. ಬೀಡಿ, ಸಿಗರೇಟು, ತಂಬಾಕು ಅಭ್ಯಾಸ ಇರುವವರು ತಡ ಮಾಡಲೇಬಾರದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಧ್ವನಿಯ ತೊಂದರೆಗೆ ತಪಾಸಣೆ, ತರಬೇತಿ ಎರಡೂ ಸಿಗುತ್ತವೆ. ಆ ಕಡೆಯ ಜಿಲ್ಲೆಯವರು ಉಪಯೋಗಿಸಿಕೊಳ್ಳಿ.

ಹಂತ 4: ಕೆಲಸದ ಹೊರೆ ಅಳೆಯಿರಿ, ಕಡಿಮೆ ಮಾಡಿ

ಪಾಠ ಮಾಡಿ ಸುಸ್ತಾದೆ ಅನ್ನುವ ಶಿಕ್ಷಕರು ಕಡಿಮೆ. ಸ್ಯಾಟ್ಸ್, ಯು-ಡೈಸ್ ಅನ್ನುವ ಆನ್‌ಲೈನ್ ದಾಖಲಾತಿ, ಹಾಲಿನ ಲೆಕ್ಕ, ಮೊಟ್ಟೆಯ ಲೆಕ್ಕ, ಸ್ಕಾಲರ್‌ಶಿಪ್, ಮತದಾರರ ಪಟ್ಟಿಯ ಬಿಎಲ್‌ಓ ಕೆಲಸ, ಇವು ಸುಸ್ತು ಮಾಡುತ್ತವೆ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚುವಂತಿಲ್ಲ. ಕಾಗದದಲ್ಲಿ ಹೀಗಿದೆ. 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಆ್ಯಪ್ ಹಿಡಿದು ಮನೆಮನೆ ಸುತ್ತಿದವರು ಯಾರು ಅಂತ ನಮಗೆಲ್ಲ ಗೊತ್ತಿದೆ ಅಲ್ವಾ. ಆ ಜಗಳ ಸಂಘದವರು ಮಾಡಲಿ. ಕ್ಲಸ್ಟರಿನಲ್ಲಿ ಕೂತು ನಾವು ಮಾಡಬಹುದಾದ್ದು ಇಷ್ಟು.

ಒಂದು ತಿಂಗಳು ಮೇಲಿನಿಂದ ಬಂದ ಪ್ರತಿ ಮಾಹಿತಿ ಕೋರಿಕೆಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಯಾರು ಕೇಳಿದರು, ಎಷ್ಟು ಹೊತ್ತಿಗೆ ಕೇಳಿದರು, ಯಾವಾಗಿನೊಳಗೆ ಬೇಕು ಅಂದರು, ಈ ಮಾಹಿತಿ ಆನ್‌ಲೈನಿನಲ್ಲಿ ಮೊದಲೇ ಇತ್ತಾ. ತಿಂಗಳ ಕೊನೆಗೆ ಆ ಪುಟಗಳನ್ನು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಓ) ಮುಂದಿಡಿ. "ಕೆಲಸ ಜಾಸ್ತಿ ಸಾರ್" ಅಂದರೆ "ಎಲ್ಲರಿಗೂ ಜಾಸ್ತಿನೇ" ಅನ್ನುವ ಉತ್ತರ ಬರುತ್ತದೆ. ಒಂದೇ ಅಂಕಿಯನ್ನು ಮೂರು ಶಾಖೆಯವರು ಮೂರು ನಮೂನೆಯಲ್ಲಿ ಕೇಳಿದ್ದನ್ನು ದಿನಾಂಕದ ಸಮೇತ ತೋರಿಸಿದರೆ ಹಾಗೆ ಅನ್ನಲು ಕಷ್ಟ.

ವಾಟ್ಸ್ಆ್ಯಪ್ ಗ್ರೂಪಿಗೆ ನಿಯಮ ಬೇಕು. ಸಂಜೆ ಆರರಿಂದ ಬೆಳಗ್ಗೆ ಎಂಟರವರೆಗೆ ಮೆಸೇಜು ಬೇಡ. ನಿಜವಾಗಿಯೂ ತುರ್ತಿದ್ದರೆ ಸಿಆರ್‌ಪಿ ಫೋನು ಮಾಡಲಿ. ಫೋನು ಮಾಡಬೇಕು ಅಂದಾಗಲೇ ಅರ್ಧ ತುರ್ತುಗಳು ಬೆಳಗ್ಗೆವರೆಗೆ ಕಾಯುತ್ತವೆ. ಆದೇಶದ ಗ್ರೂಪು ಬೇರೆ, ಹುಟ್ಟುಹಬ್ಬದ ಗ್ರೂಪು ಬೇರೆ ಇರಲಿ.

ಶಾಲೆಯ ಒಳಗೂ ಹಂಚಿಕೆ ನೋಡಿ. ಕಂಪ್ಯೂಟರ್ ಬರುತ್ತೆ ಅಂತ ಒಬ್ಬ ಕಿರಿಯ ಶಿಕ್ಷಕನ ತಲೆಗೇ ಎಲ್ಲ ಆನ್‌ಲೈನ್ ಕೆಲಸ ಕಟ್ಟುವುದು, ಮದುವೆ ಆಗಿಲ್ಲ ಅಂತ ಒಬ್ಬಳಿಗೇ ಎಲ್ಲ ಓಓಡಿ (ಹೊರಗಿನ ಸರ್ಕಾರಿ ಕೆಲಸದ ನಿಯೋಜನೆ) ಹಾಕುವುದು ನಡೆಯುತ್ತಲೇ ಇರುತ್ತದೆ. ಕೆಲಸದ ಪಟ್ಟಿಯನ್ನು ಸ್ಟಾಫ್ ರೂಮಿನ ಗೋಡೆಗೆ ಹಚ್ಚಿ. ವರ್ಷಕ್ಕೊಮ್ಮೆ ಅದಲುಬದಲು ಮಾಡಿ.

ಮನೆಮನೆ ಕೆಲಸ ತಪ್ಪದೇ ಇದ್ದಾಗ ಇಬ್ಬಿಬ್ಬರು ಹೋಗಲಿ, ಕತ್ತಲಾದ ಮೇಲೆ ಬೇಡ. ನಾಯಿ ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಸಣ್ಣ ಗೀರು ಅಂತ ಬಿಡುವಂತಿಲ್ಲ. ರೇಬಿಸ್ ಶುರುವಾದರೆ ಉಳಿಯುವುದಿಲ್ಲ.

ಹಂತ 5: ತಪಾಸಣಾ ಶಿಬಿರ

ಇದು ಸುಲಭದ ಕೆಲಸ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಕ್ಲಸ್ಟರ್ ಪರವಾಗಿ ಒಂದು ಪತ್ರ ಕೊಡಿ. ತಿಂಗಳ ಸಮಾಲೋಚನಾ ಸಭೆಯ ದಿನವನ್ನೇ ಕೇಳಿ, ಆಗ ಎಲ್ಲರೂ ಒಂದೇ ಕಡೆ ಸೇರಿರುತ್ತಾರೆ. 30 ದಾಟಿದವರಿಗೆ ಬಿಪಿ, ಸಕ್ಕರೆ ಮತ್ತು ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ, ದುಡ್ಡು ಕೊಡಬೇಕಿಲ್ಲ. ರಕ್ತಹೀನತೆ ಪರೀಕ್ಷೆಯನ್ನೂ ಸೇರಿಸಲು ಹೇಳಿ. ಸಭೆ ಬೆಳಗ್ಗೆ ಇದ್ದರೆ ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿ, ತಿಂಡಿ ಅಲ್ಲೇ ಮಾಡಿಸಿ.

ಮೂರು ಎಚ್ಚರ. ಒಂದು, ಬಿಪಿ ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂರಿಸಬೇಕು. ಬೈಕು ಇಳಿದು ಓಡಿ ಬಂದವರ ಬಿಪಿ ನಂಬುವಂಥದ್ದಲ್ಲ. 140/90 ಅಥವಾ ಜಾಸ್ತಿ ಬಂದರೆ ಇನ್ನೊಂದು ದಿನ ಮತ್ತೆ ನೋಡಿಸಬೇಕು. ಎರಡು, ಖಾಲಿ ಹೊಟ್ಟೆಯ ಸಕ್ಕರೆ 126 ಅಥವಾ ಮೇಲೆ ಬಂದರೂ ಅಷ್ಟೇ, ಇನ್ನೊಂದು ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳಬೇಕು. ಮೂರು, ಫಲಿತಾಂಶ ಅವರವರ ಕೈಗೇ ಹೋಗಬೇಕು. ಎಷ್ಟು ಜನರಿಗೆ ಸಕ್ಕರೆ ಬಂತು ಅಂತ ಹೆಸರು ಸಮೇತ ಗ್ರೂಪಿಗೆ ಹಾಕಿದರೆ ಮುಂದಿನ ವರ್ಷ ಶಿಬಿರಕ್ಕೆ ಜನ ಬರುವುದಿಲ್ಲ, ಬರಲೂಬಾರದು. ಸ್ತನ ಮತ್ತು ಗರ್ಭಕಂಠದ ತಪಾಸಣೆಗೆ ಬೇರೆ ಕೋಣೆ, ಮಹಿಳಾ ಸಿಬ್ಬಂದಿ ಬೇಕು. ಶಾಲೆಯಲ್ಲಿ ಆ ಅನುಕೂಲ ಇಲ್ಲದಿದ್ದರೆ ಆಸ್ಪತ್ರೆಗೇ ಒಂದು ದಿನ ಗೊತ್ತುಮಾಡಿ.

ಶಿಬಿರಕ್ಕಿಂತ ಮುಖ್ಯ ಆಮೇಲಿನ ಮೂರು ತಿಂಗಳು. ಜಾಸ್ತಿ ಬಂದವರು ಆಸ್ಪತ್ರೆಗೆ ಹೋಗಲು ಅರ್ಧ ದಿನ ಸಿಗಬೇಕು. ಅದು ಸಿಗದಿದ್ದರೆ ಶಿಬಿರ ಮಾಡಿದ್ದು ಸುಮ್ನೆ.

ಹಂತ 6: ಕಾಯಿಲೆ ಬರುವ ಮೊದಲೇ ಕಾಗದಪತ್ರ

ಐಸಿಯು ಬಾಗಿಲಲ್ಲಿ ನಿಂತು ಸರ್ಕಾರಿ ನೌಕರರ ವಿವರವಿರುವ ಎಚ್‌ಆರ್‌ಎಂಎಸ್ ಪಾಸ್‌ವರ್ಡ್ ಹುಡುಕುವ ಪರಿಸ್ಥಿತಿ ಯಾರಿಗೂ ಬೇಡ. ಕಾಯಂ ನೌಕರರಿಗೆ ಕರ್ನಾಟಕ ಆರೋಗ್ಯ ಸಂಜೀವಿನಿ ಯೋಜನೆ 2025ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಡೆಸುವ ನಗದುರಹಿತ ಚಿಕಿತ್ಸೆಯ ಯೋಜನೆ ಇದು. ವೇತನದಿಂದ ತಿಂಗಳಿಗೆ ಗ್ರೂಪ್ ಎ 1,000, ಬಿ 500, ಸಿ 350, ಡಿ 250 ರೂಪಾಯಿ ವಂತಿಗೆ. ಹಣ ಕಡಿತವಾಗುತ್ತಿದೆ ಅಂದ ಮಾತ್ರಕ್ಕೆ ಕುಟುಂಬದ ಎಲ್ಲರ ಹೆಸರೂ ಸೇರಿದೆ ಅಂತಲ್ಲ. ಹೊಸದಾಗಿ ಹುಟ್ಟಿದ ಮಗು, ಅವಲಂಬಿತ ತಂದೆ ತಾಯಿ, ಮದುವೆಯಾದ ಮೇಲೆ ಬಂದ ಹೆಂಡತಿ, ಎಲ್ಲರ ಹೆಸರು ಮತ್ತು ಆಧಾರ್‌ನಲ್ಲಿರುವ ಕಾಗುಣಿತ ಹೊಂದುತ್ತದಾ ನೋಡಿ. ಕ್ಲಸ್ಟರಿಗೆ ಒಂದು ಮಧ್ಯಾಹ್ನ ಇದಕ್ಕೇ ಇಡಿ. ಕಂಪ್ಯೂಟರ್ ಬಲ್ಲ ಇಬ್ಬರು ಕೂತರೆ ಎಲ್ಲರದ್ದೂ ಆಗುತ್ತದೆ. ನಿಮ್ಮ ಜಿಲ್ಲೆಯಲ್ಲಿ ನೋಂದಣಿಯಾದ ಆಸ್ಪತ್ರೆಗಳ ಪಟ್ಟಿಯನ್ನು ಪ್ರಿಂಟ್ ತೆಗೆದು ಗೋಡೆಗೆ ಹಚ್ಚಿ. ಅನುದಾನಿತ ಶಾಲೆಯವರು ಇದು ತಮಗೂ ಇದೆ ಅಂದುಕೊಂಡು ಕೂರಬೇಡಿ, ಕಚೇರಿಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ.

ಅತಿಥಿ ಶಿಕ್ಷಕರು ಮತ್ತು ಅಡುಗೆಯವರಿಗೆ ಈ ಯೋಜನೆ ಇಲ್ಲ. ಅವರಿಗೆ ದಾರಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ತುರ್ತು ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಂದ ರೆಫರಲ್ ತೆಗೆದುಕೊಳ್ಳಬೇಕು. ನೇರ ಖಾಸಗಿಗೆ ಹೋಗಿ ಆಮೇಲೆ ಕಾರ್ಡು ತೋರಿಸಿ ಒದ್ದಾಡಿದವರು ಬಹಳ. ಅವರ ಕಾರ್ಡು ಮಾಡಿಸುವ ಕೆಲಸವನ್ನೂ ಅದೇ ಮಧ್ಯಾಹ್ನಕ್ಕೆ ಸೇರಿಸಿ.

ಪ್ರತಿಯೊಬ್ಬರಿಗೂ ಒಂದು ಪ್ಲಾಸ್ಟಿಕ್ ಫೈಲು ಮಾಡಿಸಿ: ಕಾರ್ಡಿನ ಪ್ರತಿ, ರಕ್ತದ ಗುಂಪು, ನುಂಗುತ್ತಿರುವ ಮಾತ್ರೆಗಳ ಹೆಸರು, ಆಗದ ಔಷಧ, ಮನೆಯವರ ಎರಡು ಫೋನ್ ನಂಬರು. ಕಾರ್ಡಿಲ್ಲದೆ ಚಿಕಿತ್ಸೆಗೆ ದುಡ್ಡು ಕೊಟ್ಟಿದ್ದರೆ ಬಿಲ್ಲು, ಡಿಸ್ಚಾರ್ಜ್ ಸಾರಾಂಶ ಎರಡೂ ಅಸಲಿ ಇಟ್ಟುಕೊಳ್ಳಿ. ಮರುಪಾವತಿ ಸಿಗುತ್ತದಾ ಇಲ್ಲವಾ ಆಮೇಲೆ ನೋಡೋಣ, ಕಾಗದವೇ ಇಲ್ಲದಿದ್ದರೆ ಕೇಳುವುದಕ್ಕೂ ಆಗುವುದಿಲ್ಲ.

ಹಂತ 7: ರಜೆ

ರಜೆ ಇದ್ದೂ ಹಾಕಲಾಗದಿರುವುದು ನಮ್ಮ ದೊಡ್ಡ ರೋಗ. ಏಕೋಪಾಧ್ಯಾಯ ಶಾಲೆಯಲ್ಲಂತೂ ಜ್ವರ ಬಂದರೆ ಬೀಗ ಹಾಕಬೇಕು. ಇದಕ್ಕೆ ಸಿಆರ್‌ಪಿ ಜೂನ್‌ನಲ್ಲೇ ಒಂದು ಜೋಡಿ ಪಟ್ಟಿ ಮಾಡಿಡಲಿ: ಈ ಶಾಲೆಯವರು ರಜೆ ಹಾಕಿದರೆ ಯಾವ ಶಾಲೆಯಿಂದ ಯಾರು ಹೋಗುತ್ತಾರೆ. ಪಟ್ಟಿಗೆ ಬಿಇಓ ಸಹಿ ಹಾಕಿಸಿ. ಆಗ ಬೆಳಗ್ಗೆ ಏಳಕ್ಕೆ ಫೋನು ಮಾಡಿದವರು ಅಪರಾಧಿಯ ಹಾಗೆ ಮಾತಾಡಬೇಕಾಗುವುದಿಲ್ಲ.

ಮೇಡಂಗಳಿಗೆ ಇರುವ ರಜೆಗಳನ್ನು ಗೋಡೆಗೆ ಬರೆದು ಹಚ್ಚಿ. ಹೆರಿಗೆ ರಜೆ 180 ದಿನ. ಮಕ್ಕಳ ಆರೈಕೆ ರಜೆಯನ್ನು ರಾಜ್ಯ ಸರ್ಕಾರ 2021ರಲ್ಲಿ ಕೊಟ್ಟಿದೆ, ಸೇವೆಯಲ್ಲಿ ಒಟ್ಟು 180 ದಿನ. ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನದ ಋತುಚಕ್ರ ರಜೆ ನೀತಿಗೆ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಈ ರಜೆ ಕೇಳಿದವರಿಗೆ ಕಾರಣ ವಿವರಿಸಿ ಅನ್ನುವುದು, ನಗುವುದು, ಎರಡೂ ಅಸಹ್ಯ. ಮುಖ್ಯ ಶಿಕ್ಷಕರು ಗಂಡಸರಾದರೆ ರಜೆ ಚೀಟಿಯನ್ನು ಹಿರಿಯ ಮೇಡಂ ಮೂಲಕ ಕೊಡುವ ದಾರಿ ಇಡಿ.

ಪ್ರೌಢಶಾಲೆಯವರ ಬಗ್ಗೆ ಒಂದು ಮಾತು. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಬಂದ ಮೇಲೆ ಬೇಸಿಗೆ ರಜೆ ತುಂಡುತುಂಡಾಗಿದೆ. ವಿಶೇಷ ತರಗತಿ, ಮೌಲ್ಯಮಾಪನ ಎರಡನ್ನೂ ಒಬ್ಬರಿಗೇ ಹಾಕದೆ ಹಂಚಿ.

ಹಂತ 8: ಮನಸ್ಸು

ಬೀದರ್ ಕಡೆಯವರು ಚಾಮರಾಜನಗರದಲ್ಲಿ, ಹಾಸನದವರು ಯಾದಗಿರಿಯಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿ ಇರುತ್ತಾರೆ. ಗಂಡ ಒಂದೂರು, ಹೆಂಡತಿ ಒಂದೂರು. ವರ್ಗಾವಣೆಯ ಕೌನ್ಸೆಲಿಂಗ್ ಮುಂದಕ್ಕೆ ಹೋದಷ್ಟೂ ಇವರು ಕುಗ್ಗುತ್ತಾರೆ. ಪತಿ-ಪತ್ನಿ ಪ್ರಕರಣ, ಗಂಭೀರ ಕಾಯಿಲೆ ಇವಕ್ಕೆ ವರ್ಗಾವಣೆಯಲ್ಲಿ ಆದ್ಯತೆ ಇದೆ. ಅರ್ಜಿಗೆ ಬೇಕಾದ ದಾಖಲೆಯನ್ನು ವೇಳಾಪಟ್ಟಿ ಬರುವ ಮೊದಲೇ ಸಿದ್ಧಮಾಡಲು ನೆರವಾಗಿ. ಹತ್ತು ಸಮಾಧಾನದ ಮಾತಿಗಿಂತ ಇದು ಉಪಯೋಗ.

ಯಾರಾದರೂ ಬದಲಾಗಿದ್ದು ಕಂಡರೆ, ಅಂದರೆ ನಿದ್ದೆ ಇಲ್ಲ, ಊಟ ಬಿಟ್ಟಿದ್ದಾರೆ, ಸಣ್ಣದಕ್ಕೂ ಮಕ್ಕಳ ಮೇಲೆ ರೇಗುತ್ತಾರೆ, ಕುಡಿತ ಜಾಸ್ತಿಯಾಗಿದೆ, ಒಬ್ಬರೇ ಇದ್ದಾಗ ಮಾತಾಡಿಸಿ. "ಈಚೆಗೆ ಸ್ವಲ್ಪ ಸಪ್ಪಗಿದ್ದೀರಿ ಮೇಷ್ಟ್ರೇ, ಏನಾದ್ರೂ ತೊಂದರೆನಾ?" ಅಂತ ಕೇಳಿ, ಸುಮ್ಮನೆ ಕೂತು ಕೇಳಿಸಿಕೊಳ್ಳಿ. "ಎಲ್ಲರ ಮನೆಯಲ್ಲೂ ಇದ್ದದ್ದೇ" ಅನ್ನಬೇಡಿ. ಸಾಯುವ ಮಾತು ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ, ಒಬ್ಬರನ್ನೇ ಬಿಡಬೇಡಿ, ಮನೆಯವರಿಗೆ ತಿಳಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಇದಕ್ಕೆ ದೇಶಕ್ಕೆಲ್ಲ ಮಾರ್ಗದರ್ಶನ ಮಾಡುವುದು ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ದಿನ ಯಾವುದು ಅಂತ ಮೊದಲೇ ತಿಳಿದಿಟ್ಟುಕೊಳ್ಳಿ. ಮಾನಸಿಕ ಆರೋಗ್ಯ ಕಾಯ್ದೆ 2017ರಲ್ಲಿ ರೋಗಿಯ ಮಾಹಿತಿ ಗುಟ್ಟಾಗಿರಬೇಕು ಅನ್ನುವ ಹಕ್ಕಿದೆ. ಶಾಲೆಯಲ್ಲೂ ಅದೇ ಶಿಸ್ತು ಬೇಕು. ನಿಮಗೆ ಹೇಳಿದ ವಿಷಯ ಮಾರನೇ ದಿನ ಶಿಕ್ಷಕರು ಸೇರುವ ಗುರುಭವನದಲ್ಲಿ ಸುತ್ತುತ್ತಿದ್ದರೆ ಆ ಮನುಷ್ಯ ಮತ್ತೆ ಯಾರಿಗೂ ಬಾಯಿ ಬಿಡುವುದಿಲ್ಲ.

ಹಂತ 9: ಅಡುಗೆ ಕೋಣೆ

ಬಿಸಿಯೂಟ, ಹಾಲು, ಜೊತೆಗೆ ಈಗ ವಾರಕ್ಕೆ ಆರು ದಿನ ಮೊಟ್ಟೆ. ಮಕ್ಕಳಿಗೆ ಒಳ್ಳೆಯದೇ. ಕೈ ಮಾತ್ರ ಮೊದಲಿನಷ್ಟೇ ಇವೆ. ದೊಡ್ಡ ಪಾತ್ರೆಯನ್ನು ಒಬ್ಬರೇ ಎತ್ತದಂತೆ ನೋಡಿ. ಕುಕ್ಕರಿನ ಗ್ಯಾಸ್ಕೆಟ್ ಮತ್ತು ಸೇಫ್ಟಿ ವಾಲ್ವ್, ಸಿಲಿಂಡರ್ ಪೈಪು ಇವನ್ನು ತಿಂಗಳಿಗೊಮ್ಮೆ ನೋಡಿ ದಿನಾಂಕ ಬರೆಯಿರಿ. ಕಿಟಕಿ ತೆರೆದಿರಲಿ, ನೆಲ ಜಾರದಿರಲಿ. ಒಲೆ ಹತ್ತಿರ ಹತ್ತಿಬಟ್ಟೆಯ ಏಪ್ರನ್ ಹಾಕಿಸಿ, ಸೆರಗು ಸಿಕ್ಕಿಸಿಕೊಳ್ಳಲಿ. ಸುಟ್ಟರೆ ಶಾಯಿ, ಟೂತ್‌ಪೇಸ್ಟ್ ಹಚ್ಚದೆ 20 ನಿಮಿಷ ಹರಿಯುವ ತಣ್ಣೀರು, ಆಮೇಲೆ ಆಸ್ಪತ್ರೆ. ಕೊನೆಗೆ ಉಳಿದದ್ದನ್ನು ನಿಂತು ತಿನ್ನುವುದರ ಬದಲು ಅವರೂ ಕೂತು ಉಣ್ಣುವಷ್ಟು ಹೊತ್ತು ಇರಲಿ.

ಹಂತ 10: ಕಿರುಕುಳದ ದೂರು ಎಲ್ಲಿ ಕೊಡಬೇಕು

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳ ತಡೆಗೆ ಆಂತರಿಕ ಸಮಿತಿ ಇರಲೇಬೇಕು ಅಂತ 2013ರ ಕಾಯ್ದೆ ಹೇಳುತ್ತದೆ. ನಮ್ಮ ಎಷ್ಟೋ ಶಾಲೆಗಳಲ್ಲಿ ಹತ್ತು ಜನ ಇರುವುದಿಲ್ಲ. ಅಂಥವರು, ಅಥವಾ ದೂರು ಮುಖ್ಯಸ್ಥರ ಮೇಲೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ಘಟನೆ ಆದ ಮೂರು ತಿಂಗಳೊಳಗೆ ಲಿಖಿತವಾಗಿ ಕೊಡಬೇಕು. ಅಡುಗೆಯವರು, ಅತಿಥಿ ಶಿಕ್ಷಕಿಯರು ಕೂಡ ಈ ಕಾಯ್ದೆಯ ಒಳಗೇ ಬರುತ್ತಾರೆ. ಸಮಿತಿಯ ವಿಳಾಸ, ಫೋನ್ ನಂಬರನ್ನು ಜಿಲ್ಲಾಧಿಕಾರಿ ಕಚೇರಿ ಅಥವಾ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಿಂದ ತಂದು ಸಿಬ್ಬಂದಿ ಶೌಚಾಲಯದ ಬಾಗಿಲ ಒಳಗಡೆ ಅಂಟಿಸಿ. ನೋಟಿಸ್ ಬೋರ್ಡಿನ ಮುಂದೆ ನಿಂತು ಆ ನಂಬರು ಬರೆದುಕೊಳ್ಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ವರ್ಷದ ಲೆಕ್ಕ

ಎಲ್ಲವನ್ನೂ ಒಟ್ಟಿಗೆ ಶುರುಮಾಡಿದರೆ ಯಾವುದೂ ಆಗುವುದಿಲ್ಲ. ಜೂನ್‌ನಲ್ಲಿ ಚೀಟಿ, ರಜೆಯ ಜೋಡಿ ಪಟ್ಟಿ, ಕೆಲಸ ಹಂಚಿಕೆ. ಜುಲೈ, ಆಗಸ್ಟ್‌ನಲ್ಲಿ ಕಾರ್ಡು, ಫೈಲು ಮತ್ತು ತಪಾಸಣೆ. ದಸರಾ ರಜೆ ಮುಗಿದ ಮೇಲೆ ತಪಾಸಣೆಯಲ್ಲಿ ಜಾಸ್ತಿ ಬಂದವರು ಚಿಕಿತ್ಸೆ ಶುರುಮಾಡಿದರಾ ಅಂತ ಅವರನ್ನೇ ಕೇಳಿ. ಜನವರಿಯಿಂದ ಪರೀಕ್ಷೆಯ ಗಡಿಬಿಡಿ, ಆಗ ಹೊಸದೇನೂ ಹಚ್ಚಬೇಡಿ. ವಾಟ್ಸ್ಆ್ಯಪ್ ನಿಯಮ ಮುರಿಯದಂತೆ ನೋಡಿಕೊಂಡರೆ ಸಾಕು. ಏಪ್ರಿಲ್‌ನಲ್ಲಿ ಅದೇ ನಾಲ್ಕು ಪ್ರಶ್ನೆಯ ಚೀಟಿ ಮತ್ತೆ ಕೊಟ್ಟು, ಜೂನ್‌ನದ್ದರ ಪಕ್ಕ ಇಟ್ಟು ನೋಡಿ. ಮುಖ್ಯ ಶಿಕ್ಷಕರಿಗೋ ಸಿಆರ್‌ಪಿಗೋ ವರ್ಗವಾದರೆ ಚಾರ್ಜ್ ಕೊಡುವಾಗ ಜೋಡಿ ಪಟ್ಟಿ, ಎಸ್‌ಡಿಎಂಸಿ ನಡಾವಳಿ, ಮಾಹಿತಿ ಕೋರಿಕೆಯ ನೋಟ್‌ಬುಕ್ಕು ಮೂರನ್ನೂ ಚಾರ್ಜ್ ಪಟ್ಟಿಗೆ ಸೇರಿಸಿ. ಸಿಬ್ಬಂದಿಯ ಆರೋಗ್ಯದ ಫೈಲುಗಳು ಮಾತ್ರ ಅವರವರ ಮನೆಗೇ ಹೋಗಲಿ.